ಮೂವತ್ತು ಮಂದಿಯ ಮುಖಪರದೆಗೆ ಒಂದು ಸಂವಿಧಾನ ತಿದ್ದುಪಡಿ

2021ರ ಮಾರ್ಚ್ 7ರಂದು ಸ್ವಿಟ್ಜರ್ಲೆಂಡಿನ ಮತದಾರರು ತಮ್ಮ ಸಂವಿಧಾನಕ್ಕೆ ಹೊಸ ವಿಧಿಯೊಂದನ್ನು ಸೇರಿಸಿದರು. ಸಾರ್ವಜನಿಕ ಸ್ಥಳಗಳಲ್ಲಿ ಯಾರೂ ಮುಖ ಮುಚ್ಚಿಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಪರವಾಗಿ ಬಿದ್ದ ಮತ ಶೇ 51.2. ಆಗ ಸುಮಾರು 86 ಲಕ್ಷ ಜನರಿದ್ದ ಆ ದೇಶದಲ್ಲಿ ಧಾರ್ಮಿಕ ಕಾರಣಕ್ಕಾಗಿ ಮುಖ ಮುಚ್ಚಿಕೊಳ್ಳುವ ಮಹಿಳೆಯರು ಎಷ್ಟಿದ್ದಾರೆಂದು ಲೂಸರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ ಸಿಕ್ಕಿದ್ದು ಮೂವತ್ತರ ಆಸುಪಾಸಿನ ಸಂಖ್ಯೆ. ಬೇರೆ ಅಂದಾಜುಗಳು ಇದಕ್ಕಿಂತ ತುಸು ಹೆಚ್ಚೆಂದರೂ, ಒಂದು ದೇಶದ ಮೂಲ ಕಾನೂನನ್ನೇ ತಿದ್ದಬೇಕಾದಷ್ಟು ದೊಡ್ಡ ಸಂಖ್ಯೆಯನ್ನು ಯಾರೂ ಮುಂದಿಟ್ಟಿರಲಿಲ್ಲ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ ತೋರುವ ಈ ನಿರ್ಧಾರವನ್ನು ಬರೀ ದ್ವೇಷವೆಂದು ತಳ್ಳಿಹಾಕುವುದು ಸುಲಭ, ಬರೀ ಭದ್ರತೆಯ ಕ್ರಮವೆಂದು ಒಪ್ಪಿಕೊಳ್ಳುವುದೂ ಅಷ್ಟೇ ಸುಲಭ. ಎರಡೂ ವಿವರಣೆಗಳು ಸಾಲವು. ಮುಚ್ಚಿದ ಮುಖವನ್ನು ಕಂಡಾಗ ಸಾಮಾನ್ಯ ನಾಗರಿಕನಿಗೆ ಆಗುವ ಕಸಿವಿಸಿ ಒಂದು ಕಡೆ, ರಾಜಧಾನಿಯಲ್ಲಿ ಕುಳಿತವರು ತನ್ನ ಮಾತನ್ನು ಕೇಳುವುದೇ ಇಲ್ಲವೆಂಬ ಬೇಸರ ಇನ್ನೊಂದು ಕಡೆ. ಇವೆರಡೂ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಸ್ವಿಟ್ಜರ್ಲೆಂಡಿನಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ, ಏಕೆಂದರೆ ಈ ಕೂಡಿಕೆಯ ಪ್ರತಿಯೊಂದು ಹಂತವೂ ಅಲ್ಲಿ ಕಾಗದದ ಮೇಲೆ ದಾಖಲಾಗಿದೆ.

ಮೊದಲಿಗೆ ಉಡುಪಿನ ವಿಷಯ. ನಮ್ಮಲ್ಲಿ ಈ ಚರ್ಚೆ ಬಂದಾಗಲೆಲ್ಲ ಹಿಜಾಬ್, ನಿಖಾಬ್, ಬುರ್ಖಾ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದು ರೂಢಿಯಾಗಿದೆ. ಹಿಜಾಬ್ ತಲೆಗೂದಲನ್ನು ಮುಚ್ಚುತ್ತದೆ, ಮುಖ ಕಾಣುತ್ತದೆ. ನಿಖಾಬ್ ಕಣ್ಣುಗಳನ್ನು ಮಾತ್ರ ಬಿಟ್ಟು ಮುಖವನ್ನು ಮುಚ್ಚುತ್ತದೆ. ಯುರೋಪಿನಲ್ಲಿ ಬುರ್ಖಾ ಎಂದರೆ ಕಣ್ಣಿನ ಜಾಗದಲ್ಲೂ ಜಾಲರಿಯಿರುವ ಅಫ್ಘಾನಿಸ್ತಾನದ ಉಡುಪು. ಸ್ವಿಸ್ ಪತ್ರಿಕೆಗಳು ಇದನ್ನು ‘ಬುರ್ಖಾ ನಿಷೇಧ’ ಎಂದೇ ಕರೆದರೂ ಅಲ್ಲಿನ ಬೀದಿಗಳಲ್ಲಿ ಬುರ್ಖಾ ಕಾಣುವುದು ಇಲ್ಲವೆನ್ನುವಷ್ಟು ಅಪರೂಪ. ಕಂಡರೆ ನಿಖಾಬ್ ಕಾಣಬಹುದು, ಅದೂ ಬಹುಪಾಲು ಬೇಸಿಗೆಯಲ್ಲಿ ಜಿನೀವಾ ಮತ್ತು ಇಂಟರ್‌ಲಾಕೆನ್‌ಗೆ ಬರುವ ಕೊಲ್ಲಿ ದೇಶಗಳ ಪ್ರವಾಸಿ ಕುಟುಂಬಗಳಲ್ಲಿ. ದೇಶದ ಜನಸಂಖ್ಯೆಯಲ್ಲಿ ಶೇ 5ರಷ್ಟಿರುವ ಮುಸ್ಲಿಮರಲ್ಲಿ ಹೆಚ್ಚಿನವರು ಕೊಸೊವೊ, ಬೋಸ್ನಿಯಾ, ಉತ್ತರ ಮ್ಯಾಸಿಡೋನಿಯಾ ಮತ್ತು ಟರ್ಕಿ ಮೂಲದವರು. ಆ ಕಡೆಯ ಮನೆಗಳಲ್ಲಿ ಮುಖ ಮುಚ್ಚುವ ಪದ್ಧತಿ ತೀರ ವಿರಳ.

ಇನ್ನು ಬೇಸರದ ವಿಷಯ. ಸ್ವಿಟ್ಜರ್ಲೆಂಡ್ ಶ್ರೀಮಂತ ದೇಶ, ರೈಲು ಸಮಯಕ್ಕೆ ಬರುತ್ತದೆ, ಆಡಳಿತ ಅಚ್ಚುಕಟ್ಟಾಗಿದೆ. ಹಾಗಿದ್ದ ಮೇಲೆ ಅಲ್ಲಿನ ಪ್ರಜೆಗೆ ರಾಷ್ಟ್ರ ರಾಜಕಾರಣದ ಮೇಲೆ ಬೇಸರವೇಕೆ? ಉತ್ತರ ಅಲ್ಲಿನ ಸರ್ಕಾರದ ರಚನೆಯಲ್ಲೇ ಇದೆ. ದೇಶವನ್ನು ಆಳುವ ಫೆಡರಲ್ ಕೌನ್ಸಿಲ್‌ನಲ್ಲಿ ಇರುವುದು ಏಳೇ ಮಂದಿ. 1959ರಿಂದ ಈ ಏಳು ಸ್ಥಾನಗಳನ್ನು ದೊಡ್ಡ ಪಕ್ಷಗಳು ‘ಮಾಂತ್ರಿಕ ಸೂತ್ರ’ ಎಂದು ಹೆಸರಾದ ಒಪ್ಪಂದದಂತೆ ಹಂಚಿಕೊಳ್ಳುತ್ತ ಬಂದಿವೆ. ಈಗಿನ ಲೆಕ್ಕ ಎರಡು, ಎರಡು, ಎರಡು ಮತ್ತು ಒಂದು. ಬಲಪಂಥೀಯ ಸ್ವಿಸ್ ಪೀಪಲ್ಸ್ ಪಾರ್ಟಿಯೂ ಅದರಲ್ಲಿದೆ, ಎಡಪಂಥೀಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವೂ ಇದೆ. ಏಳು ಜನರನ್ನು ಸಂಸತ್ತು ನಾಲ್ಕು ವರ್ಷಕ್ಕೆ ಆರಿಸುತ್ತದೆ, ನಡುವೆ ಅವಿಶ್ವಾಸ ನಿರ್ಣಯದಿಂದ ಇಳಿಸಲು ಬರುವುದಿಲ್ಲ. ನಾವು ತಿಳಿದಿರುವ ಅರ್ಥದಲ್ಲಿ ಅಲ್ಲಿ ಆಡಳಿತ ಪಕ್ಷವೂ ಇಲ್ಲ, ವಿರೋಧ ಪಕ್ಷವೂ ಇಲ್ಲ.

ಇದರ ಪರಿಣಾಮ ವಿಚಿತ್ರವಾದದ್ದು. ನಮ್ಮಲ್ಲಿ ಸರ್ಕಾರದ ಮೇಲೆ ಸಿಟ್ಟು ಬಂದವನು ಐದು ವರ್ಷ ಕಾದು ಅದನ್ನು ಕೆಳಗಿಳಿಸುವ ಆಸೆಯನ್ನಾದರೂ ಇಟ್ಟುಕೊಳ್ಳಬಹುದು. ಸ್ವಿಸ್ ಮತದಾರನಿಗೆ ಆ ಸುಖವಿಲ್ಲ. ಚುನಾವಣೆಯಲ್ಲಿ ಯಾರು ಎಷ್ಟು ಗೆದ್ದರೂ ಸರ್ಕಾರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. 2019ರ ಚುನಾವಣೆಯಲ್ಲಿ ಶೇ 25.6ರಷ್ಟು ಮತ ಪಡೆದು ಮೊದಲ ಸ್ಥಾನದಲ್ಲಿದ್ದ ಪೀಪಲ್ಸ್ ಪಾರ್ಟಿಗೆ ಸಂಪುಟದಲ್ಲಿ ಇದ್ದದ್ದು ಎರಡೇ ಸ್ಥಾನ, ಆದ್ದರಿಂದ ಅದು ಸಚಿವ ಸಂಪುಟದಲ್ಲಿ ಕುಳಿತುಕೊಂಡೇ ಸಂಪುಟದ ವಿರುದ್ಧ ಬೀದಿಯಲ್ಲಿ ಪ್ರಚಾರ ನಡೆಸುವ ಕಲೆಯನ್ನು ಮೂವತ್ತು ವರ್ಷಗಳಿಂದ ರೂಢಿಸಿಕೊಂಡಿದೆ. ಸಿಟ್ಟು ಹೊರಬೀಳಲು ಇರುವ ದಾರಿ ಜನಮತಗಣನೆ ಮಾತ್ರ.

ಆ ದಾರಿಯನ್ನು ಕೊಂಚ ಹತ್ತಿರದಿಂದ ನೋಡಬೇಕು. 1891ರಿಂದ ಅಲ್ಲಿ ಯಾವುದೇ ನಾಗರಿಕರ ಗುಂಪು ಸಂವಿಧಾನದ ಒಂದು ಭಾಗವನ್ನು ಬದಲಿಸುವಂತೆ ಪ್ರಸ್ತಾವವಿಡಬಹುದು. ಈಗಿನ ನಿಯಮದಂತೆ 18 ತಿಂಗಳೊಳಗೆ 1 ಲಕ್ಷ ಮತದಾರರ ಸಹಿ ಸಂಗ್ರಹಿಸಿದರೆ ಪ್ರಸ್ತಾವ ದೇಶದ ಮುಂದೆ ಬರಲೇಬೇಕು. ಸಂಸತ್ತು ಅದನ್ನು ತಿರಸ್ಕರಿಸುವಂತೆ ಜನರಿಗೆ ಸಲಹೆ ಕೊಡಬಹುದು, ಪ್ರತಿಪ್ರಸ್ತಾವವನ್ನೂ ಮುಂದಿಡಬಹುದು, ಮತಕ್ಕೆ ಬರದಂತೆ ತಡೆಯಲು ಮಾತ್ರ ತೀರ ಸೀಮಿತ ಕಾರಣಗಳು ಬೇಕು. ವರ್ಷಕ್ಕೆ ಮೂರು ನಾಲ್ಕು ಬಾರಿ ಪ್ರತಿ ಮತದಾರರ ಮನೆಗೆ ಅಂಚೆಯಲ್ಲಿ ದಪ್ಪನೆಯ ಲಕೋಟೆ ಬರುತ್ತದೆ. ಅದರಲ್ಲಿ ಮತಪತ್ರದ ಜೊತೆಗೆ ಸರ್ಕಾರ ಅಚ್ಚು ಹಾಕಿಸಿದ ಪುಟ್ಟ ವಿವರಣಾ ಪುಸ್ತಿಕೆಯೊಂದಿರುತ್ತದೆ. ಪ್ರಶ್ನೆ ಏನು, ಸಂಸತ್ತಿನ ನಿಲುವೇನು, ಪ್ರಸ್ತಾವ ತಂದವರ ವಾದವೇನು ಎಂಬುದೆಲ್ಲ ಅದರಲ್ಲಿದ್ದು, ವಿರೋಧಿಗಳ ವಾದವನ್ನೂ ಸರ್ಕಾರದ ಖರ್ಚಿನಲ್ಲೇ ಅಚ್ಚು ಹಾಕಿಸುವ ಈ ಪದ್ಧತಿಯನ್ನು ನಾವು ಸ್ವಲ್ಪ ಅಸೂಯೆಯಿಂದಲೇ ನೋಡಬೇಕು. ಮತದಾರರು ಚೌಕದೊಳಗೆ ‘ಹೌದು’ ಅಥವಾ ‘ಇಲ್ಲ’ ಎಂದು ಕೈಯಿಂದ ಬರೆದು ಲಕೋಟೆಯನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಾರೆ. ಸಂವಿಧಾನ ತಿದ್ದುಪಡಿಗೆ ದೇಶದ ಒಟ್ಟು ಮತಗಳಲ್ಲಿ ಬಹುಮತವೂ ಬೇಕು, ಕ್ಯಾಂಟನ್ ಎಂದು ಕರೆಯುವ ಪ್ರಾಂತ್ಯಗಳಲ್ಲಿ ಬಹುಮತವೂ ಬೇಕು. ಮತಕ್ಕೆ ಬಂದ ಇಂಥ ಪ್ರಸ್ತಾವಗಳಲ್ಲಿ ಗೆದ್ದಿರುವುದು ಹತ್ತಕ್ಕೆ ಒಂದರಷ್ಟು ಮಾತ್ರ.

ಗೆದ್ದವುಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದು ಯಾವುದೆಂಬುದನ್ನು ಮರೆತು ಈ ವಿಷಯವನ್ನು ಅರ್ಥಮಾಡಿಕೊಳ್ಳಲಾಗದು. 1893ರ ಆಗಸ್ಟ್ 20ರಂದು, ಈ ಹಕ್ಕು ಜಾರಿಗೆ ಬಂದು ಎರಡೇ ವರ್ಷಕ್ಕೆ, ಪ್ರಾಣಿಯ ಪ್ರಜ್ಞೆ ತಪ್ಪಿಸದೆ ವಧೆ ಮಾಡಬಾರದೆಂಬ ವಿಧಿಯನ್ನು ಜನ ಸಂವಿಧಾನಕ್ಕೆ ಸೇರಿಸಿದರು. ಸರ್ಕಾರ ಅದನ್ನು ವಿರೋಧಿಸಿತ್ತು. ಹೊರಗೆ ಹೇಳಿದ ಕಾರಣ ಪ್ರಾಣಿದಯೆ. ಪೆಟ್ಟು ಬಿದ್ದದ್ದು ತಮ್ಮ ಧರ್ಮದ ಕ್ರಮದಂತೆ ವಧೆ ಮಾಡುತ್ತಿದ್ದ, ಸಂಖ್ಯೆಯಲ್ಲಿ ಅತ್ಯಲ್ಪರಾಗಿದ್ದ ಯೆಹೂದಿಗಳಿಗೆ. ವಿಧಿಯಲ್ಲಿ ಯೆಹೂದಿ ಎಂಬ ಮಾತೇ ಇರಲಿಲ್ಲ. ಪ್ರಾಣಿಗಳ ನೋವಿನ ಬಗ್ಗೆ ಮನಸಾರೆ ಮರುಗಿದವರೂ ಆ ಮತದಾರರಲ್ಲಿ ಇದ್ದಿರಬೇಕು ಎನ್ನುವುದನ್ನೂ ಸೇರಿಸಿಯೇ ಹೇಳಬೇಕು, ಏಕೆಂದರೆ ಇದೇ ಬೆರಕೆ ನೂರಾ ಇಪ್ಪತ್ತೆಂಟು ವರ್ಷಗಳ ನಂತರ ಮತ್ತೆ ಕಾಣುತ್ತದೆ: ಸರ್ವರಿಗೂ ಅನ್ವಯಿಸುವ ಭಾಷೆ, ಒಂದೇ ಗುಂಪಿಗೆ ತಾಗುವ ಏಟು, ಮತ್ತು ಎರಡರ ನಡುವೆ ಪ್ರಾಮಾಣಿಕ ಕಾಳಜಿಯುಳ್ಳ ಬಹಳಷ್ಟು ಜನ.

2009ರ ನವೆಂಬರ್ 29ರಂದು ಮಸೀದಿಗಳ ಮಿನಾರ್ ಕಟ್ಟುವುದನ್ನು ನಿಷೇಧಿಸುವ ಪ್ರಸ್ತಾವ ಶೇ 57.5 ಮತಗಳಿಂದ ಗೆದ್ದಿತು. ಆಗ ಇಡೀ ದೇಶದಲ್ಲಿದ್ದ ಮಿನಾರ್‌ಗಳು ನಾಲ್ಕು. ಮತಗಣನೆಯ ಮೊದಲಿನ ಸಮೀಕ್ಷೆಗಳು ಪ್ರಸ್ತಾವ ಸೋಲುತ್ತದೆಂದು ಹೇಳಿದ್ದವು. ಅದರ ಹಿಂದೆ ದುಡಿದ ಎಗರ್‌ಕಿಂಗೆನ್ ಸಮಿತಿಯೇ ಮುಂದೆ ಮುಖಪರದೆಯ ಪ್ರಸ್ತಾವವನ್ನೂ ತಂದಿತು. ಆಗ ಪೀಪಲ್ಸ್ ಪಾರ್ಟಿಯ ಸಂಸದರಾಗಿದ್ದ ವಾಲ್ಟರ್ ವೊಬ್‌ಮನ್ ಅದರ ಮುಂದಾಳು.

ಆದರೆ ಮುಖಪರದೆಯ ಮತಗಣನೆಗೆ ಹದ ಮಾಡಿಕೊಟ್ಟದ್ದು ಮಿನಾರ್‌ಗಿಂತ ಹೆಚ್ಚಾಗಿ 2014ರ ಇನ್ನೊಂದು ಘಟನೆ ಎಂಬುದು ನನ್ನ ಗ್ರಹಿಕೆ. ಆ ವರ್ಷದ ಫೆಬ್ರವರಿ 9ರಂದು ‘ಸಾಮೂಹಿಕ ವಲಸೆ’ಗೆ ಮಿತಿ ಹಾಕಬೇಕೆಂಬ ಪ್ರಸ್ತಾವ ಶೇ 50.3 ಮತಗಳಿಂದ, ಕೂದಲೆಳೆಯ ಅಂತರದಲ್ಲಿ ಗೆದ್ದಿತ್ತು. ಅದನ್ನು ಅಕ್ಷರಶಃ ಜಾರಿಗೊಳಿಸಿದರೆ ಐರೋಪ್ಯ ಒಕ್ಕೂಟದೊಂದಿಗಿನ ಮುಕ್ತ ಸಂಚಾರದ ಒಪ್ಪಂದ ಮುರಿಯುತ್ತಿತ್ತು, ಅದರೊಂದಿಗೆ ಬೆಸೆದುಕೊಂಡಿದ್ದ ವ್ಯಾಪಾರದ ಒಪ್ಪಂದಗಳೂ ಬೀಳುತ್ತಿದ್ದವು. ಸಂಸತ್ತು ಬಹಳ ಕಾಲ ಗುದ್ದಾಡಿ 2016ರ ಡಿಸೆಂಬರಿನಲ್ಲಿ ಒಂದು ಕಾನೂನು ಮಾಡಿತು. ನಿರುದ್ಯೋಗ ಹೆಚ್ಚಿರುವ ಉದ್ಯೋಗಗಳಲ್ಲಿ ಖಾಲಿ ಜಾಗಗಳ ಸುದ್ದಿಯನ್ನು ಮೊದಲು ಸ್ಥಳೀಯ ಉದ್ಯೋಗ ಕಚೇರಿಗಳಿಗೆ ಕೊಡಬೇಕು ಎಂಬಲ್ಲಿಗೆ ಅದು ನಿಂತಿತು. ವಲಸೆಗೆ ಸಂಖ್ಯೆಯ ಮಿತಿ ಬರಲೇ ಇಲ್ಲ. ಆರ್ಥಿಕವಾಗಿ ಸಂಸತ್ತು ಮಾಡಿದ್ದು ವಿವೇಕದ ಕೆಲಸವೇ ಇರಬಹುದು. ಆದರೆ ಗೆದ್ದೆನೆಂದು ತಿಳಿದಿದ್ದ ಮತದಾರನಿಗೆ ಅದು ಕಂಡದ್ದು ಹೀಗೆ: ನಾನು ಸೋತರೆ ಸೋತಂತೆ, ಗೆದ್ದರೂ ಸೋತಂತೆ.

ಇಂಥ ಬೇಸರ ಯಾವ ವಿಷಯವನ್ನು ಆರಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ವಲಸೆ, ವ್ಯಾಪಾರ ಒಪ್ಪಂದ, ಪಿಂಚಣಿ, ಆರೋಗ್ಯ ವಿಮೆಯ ಕಂತು ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡವು. ಒಂದು ಎಳೆ ಎಳೆದರೆ ಹತ್ತು ಎಳೆ ಜಗ್ಗುತ್ತವೆ, ಅಧಿಕಾರಿಗಳು ‘ಇದು ಅಷ್ಟು ಸರಳವಲ್ಲ’ ಎನ್ನಲು ಯಾವಾಗಲೂ ಅವಕಾಶವಿರುತ್ತದೆ. ಮುಖಪರದೆ ಹಾಗಲ್ಲ. ಅದು ಕಣ್ಣಿಗೆ ಕಾಣುತ್ತದೆ, ಅದನ್ನು ನಿಷೇಧಿಸಿದರೆ ಯಾವ ಒಪ್ಪಂದವೂ ಮುರಿಯುವುದಿಲ್ಲ, ಬೊಕ್ಕಸಕ್ಕೆ ಖರ್ಚಿಲ್ಲ, ಮತ ಹಾಕುವ ಬಹುತೇಕ ಯಾರ ದಿನಚರಿಯೂ ಬದಲಾಗುವುದಿಲ್ಲ, ಮತ್ತು ಇದನ್ನು ನೀರು ಬೆರೆಸಿ ಜಾರಿ ಮಾಡುವುದು ಸರ್ಕಾರಕ್ಕೆ ಕಷ್ಟ. ಪಾಲಿಸಲೇಬೇಕಾದ ಆಜ್ಞೆಯೊಂದನ್ನು ರಾಜಧಾನಿ ಬರ್ನ್‌ಗೆ ಕೊಡಬೇಕೆಂದು ಹುಡುಕುತ್ತಿದ್ದವರಿಗೆ ಇದಕ್ಕಿಂತ ಸಲೀಸಾದ ವಿಷಯ ಸಿಗುತ್ತಿರಲಿಲ್ಲ.

ಸಂಸತ್ತಿನ ಬಾಗಿಲನ್ನೂ ಅವರು ತಟ್ಟಿದ್ದರು. ವೊಬ್‌ಮನ್ ತಂದ ಇದೇ ಆಶಯದ ಮಸೂದೆ ಪ್ರಸ್ತಾವ 2016ರ ಸೆಪ್ಟೆಂಬರಿನಲ್ಲಿ ಕೆಳಮನೆಯಲ್ಲಿ 88ಕ್ಕೆ 87 ಮತಗಳಿಂದ, ಅಂದರೆ ಒಂದೇ ಮತದ ಅಂತರದಲ್ಲಿ ಪಾಸಾಯಿತು. ಮುಂದಿನ ವರ್ಷ ಮೇಲ್ಮನೆ ಅದನ್ನು ದೊಡ್ಡ ಅಂತರದಿಂದ ಕೈಬಿಟ್ಟಿತು. ಅಷ್ಟರಲ್ಲಿ ಬೀದಿಯಲ್ಲಿ ಸಹಿ ಸಂಗ್ರಹ ನಡೆದೇ ಇತ್ತು. 2017ರ ಸೆಪ್ಟೆಂಬರಿನಲ್ಲಿ 1 ಲಕ್ಷದ 5 ಸಾವಿರಕ್ಕೂ ಹೆಚ್ಚು ಸಹಿಗಳು ಬರ್ನ್ ತಲುಪಿದವು.

ಪ್ರಸ್ತಾವದ ಪಠ್ಯ ಮೂರು ಸಣ್ಣ ಭಾಗಗಳದು. ಸಾರ್ವಜನಿಕರಿಗೆ ತೆರೆದಿರುವ ಜಾಗಗಳಲ್ಲಿ ಯಾರೂ ಮುಖ ಮುಚ್ಚಬಾರದು, ಪ್ರಾರ್ಥನಾ ಸ್ಥಳಗಳಿಗೆ ಇದು ಅನ್ವಯಿಸದು. ಲಿಂಗದ ಕಾರಣಕ್ಕಾಗಿ ಯಾರನ್ನೂ ಮುಖ ಮುಚ್ಚಿಕೊಳ್ಳುವಂತೆ ಒತ್ತಾಯಿಸಬಾರದು. ಆರೋಗ್ಯ, ಸುರಕ್ಷತೆ, ಹವಾಮಾನ ಮತ್ತು ಸ್ಥಳೀಯ ಸಂಪ್ರದಾಯಗಳಿಗೆ ಮಾತ್ರ ವಿನಾಯಿತಿ. ಇಸ್ಲಾಂ ಎಂಬ ಮಾತಾಗಲಿ ನಿಖಾಬ್ ಎಂಬ ಮಾತಾಗಲಿ ಎಲ್ಲಿಯೂ ಇಲ್ಲ. ಪ್ರತಿಭಟನೆಗಳಲ್ಲಿ ಮುಸುಕು ಹಾಕಿಕೊಂಡು ಕಲ್ಲೆಸೆಯುವವರನ್ನೂ ಫುಟ್‌ಬಾಲ್ ಪಂದ್ಯಗಳಲ್ಲಿ ದಾಂಧಲೆ ಮಾಡುವವರನ್ನೂ ಸಮಿತಿ ತನ್ನ ವಾದದಲ್ಲಿ ಸೇರಿಸಿಕೊಂಡಿತ್ತು. ಪಠ್ಯ ಇಷ್ಟು ತಟಸ್ಥವಾಗಿದ್ದರೂ ರೈಲು ನಿಲ್ದಾಣಗಳ ಗೋಡೆಗಳಿಗೆ ಬಂದ ಭಿತ್ತಿಪತ್ರದಲ್ಲಿ ಕಲ್ಲೆಸೆಯುವ ಯುವಕನಿರಲಿಲ್ಲ. ಕಪ್ಪು ನಿಖಾಬಿನ ಸೀಳಿನೊಳಗಿಂದ ಹುಬ್ಬುಗಂಟಿಕ್ಕಿ ದುರುಗುಟ್ಟುವ ಎರಡು ಕಣ್ಣುಗಳಿದ್ದವು, ಪಕ್ಕದಲ್ಲಿ ಉಗ್ರವಾದವನ್ನು ನಿಲ್ಲಿಸಿ ಎಂಬ ಕರೆ. ಮಹಿಳೆಯನ್ನು ದಬ್ಬಾಳಿಕೆಯಿಂದ ಬಿಡಿಸುತ್ತೇವೆ ಎನ್ನುವ ಪ್ರಚಾರದ ಚಿತ್ರದಲ್ಲಿ ಆ ಮಹಿಳೆಯೇ ಭಯ ಹುಟ್ಟಿಸುವವಳಾಗಿ ನಿಂತಿದ್ದಳು.

ಹಾಗೆಂದು ಜನರ ಕಸಿವಿಸಿಯನ್ನೇ ಸುಳ್ಳೆನ್ನಲಾಗದು. ಅದನ್ನು ಬಿಡಿಸಿ ನೋಡಿದರೆ ಮೂರು ಬೇರೆ ಬೇರೆ ಭಾವನೆಗಳು ಸಿಗುತ್ತವೆ. ಒಂದು, ಎದುರಿಗಿರುವವರು ಯಾರೆಂದು ತಿಳಿಯದ ಅಭದ್ರತೆ. ಇನ್ನೊಂದು, ಗಂಡಸಿಗಿಲ್ಲದ ಕಟ್ಟುಪಾಡು ಹೆಂಗಸಿಗೇಕೆ ಎಂಬ ಸಮಾನತೆಯ ಪ್ರಶ್ನೆ. ಮೂರನೆಯದು ಮಾತಿನಲ್ಲಿ ಹಿಡಿಯಲು ಕಷ್ಟವಾದದ್ದು: ನನ್ನ ಮುಖ ನಿಮಗೆ ಕಾಣುತ್ತಿದೆ, ನಿಮ್ಮದು ನನಗೆ ಕಾಣುತ್ತಿಲ್ಲ, ಆದ್ದರಿಂದ ನಮ್ಮಿಬ್ಬರ ನಡುವೆ ಸರಿಸಮಾನವಾದ ಕೊಡುಕೊಳ್ಳುವಿಕೆ ಇಲ್ಲ ಎಂಬ ಭಾವನೆ. ಈ ಮೂರಕ್ಕೂ ಕಾನೂನಿನಲ್ಲಿ ಎಷ್ಟು ತೂಕವಿದೆ ಎಂಬುದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2014ರ ಜುಲೈ 1ರಂದು ಫ್ರಾನ್ಸಿನ ಮೊಕದ್ದಮೆಯಲ್ಲಿ ಒಂದೊಂದಾಗಿ ತೂಗಿ ನೋಡಿತು. ಫ್ರಾನ್ಸ್ 2010ರಲ್ಲಿ ಕಾನೂನು ಮಾಡಿ 2011ರ ಏಪ್ರಿಲ್ 11ರಿಂದ ಮುಖ ಮುಚ್ಚುವುದನ್ನು ನಿಷೇಧಿಸಿತ್ತು, ದಂಡ 150 ಯೂರೊವರೆಗೆ. ಹೆಸರು ಬಹಿರಂಗಪಡಿಸದ, ಪಾಕಿಸ್ತಾನಿ ಮೂಲದ ಫ್ರೆಂಚ್ ಯುವತಿಯೊಬ್ಬರು ಅದನ್ನು ಪ್ರಶ್ನಿಸಿದ್ದರು. ತಾನು ಇಷ್ಟಪಟ್ಟೇ ನಿಖಾಬ್ ಹಾಕುತ್ತೇನೆ, ಬ್ಯಾಂಕಿನಲ್ಲೋ ವಿಮಾನ ನಿಲ್ದಾಣದಲ್ಲೋ ಗುರುತು ಕೇಳಿದರೆ ತೆಗೆಯಲು ತಕರಾರಿಲ್ಲ ಎಂಬುದು ಅವರ ವಾದ.

ನ್ಯಾಯಾಲಯ ಭದ್ರತೆಯ ವಾದವನ್ನು ಒಪ್ಪಲಿಲ್ಲ. ಗುರುತು ಬೇಕಾದಾಗ ಮುಖ ತೋರಿಸಿ ಎಂದರೆ ಸಾಕು, ಎಲ್ಲೆಡೆ ಎಲ್ಲ ಹೊತ್ತಿನಲ್ಲೂ ನಿಷೇಧಿಸಲು ಅದು ಕಾರಣವಾಗದು ಎಂದಿತು. ಸಮಾನತೆಯ ವಾದವನ್ನೂ ಒಪ್ಪಲಿಲ್ಲ. ಮಹಿಳೆಯರು ತಮ್ಮ ಹಕ್ಕೆಂದು ಸಮರ್ಥಿಸಿಕೊಳ್ಳುತ್ತಿರುವ ಆಚರಣೆಯನ್ನು ಅವರದೇ ಸಮಾನತೆಯ ಹೆಸರಿನಲ್ಲಿ ನಿಷೇಧಿಸಲಾಗದು ಎಂಬುದು ಅದರ ತರ್ಕ. ಕೊನೆಗೆ ಉಳಿದದ್ದು ಮೂರನೆಯದು. ಒಟ್ಟಿಗೆ ಬಾಳುವ ಸಮಾಜದಲ್ಲಿ ಮುಖ ಕಾಣುವುದು ಕನಿಷ್ಠ ಅಗತ್ಯವೆಂದು ಒಂದು ದೇಶ ಭಾವಿಸಿದರೆ ಹಾಗೆ ನಿರ್ಧರಿಸುವ ಅವಕಾಶವನ್ನು ಆ ದೇಶಕ್ಕೆ ಬಿಡಬೇಕೆಂದು ಹೇಳಿ ನಿಷೇಧವನ್ನು ಎತ್ತಿಹಿಡಿಯಿತು. ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ಬರೆದರು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಅದೇ ಫ್ರೆಂಚ್ ಕಾನೂನು ಇಬ್ಬರು ಮಹಿಳೆಯರ ಧಾರ್ಮಿಕ ಸ್ವಾತಂತ್ರ್ಯವನ್ನು ಉಲ್ಲಂಘಿಸಿತೆಂದು ತೀರ್ಮಾನಿಸಿತು. ಹೊರಗೆ ಗಟ್ಟಿಯಾಗಿ ಕೇಳಿಬರುವ ಮೊದಲ ಎರಡು ವಾದಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ, ಯಾರೂ ಸರಿಯಾಗಿ ಹೇಳಲಾರದ ಕಸಿವಿಸಿಯೇ ನಿಂತಿತು.

ಸ್ವಿಸ್ ಸರ್ಕಾರವೂ ಸಂಸತ್ತೂ ಆ ಮೊದಲ ಎರಡು ವಾದಗಳಿಗೆ ಉತ್ತರ ಕೊಡಲು ಹೊರಟದ್ದೇ ಅವರ ಸೋಲಿಗೆ ಕಾರಣವಾಯಿತೇನೋ. ಪ್ರತಿಪ್ರಸ್ತಾವ ಹೀಗಿತ್ತು: ಅಧಿಕಾರಿಗಳು ಗುರುತು ಪರಿಶೀಲಿಸಬೇಕಾದಾಗ ಎಲ್ಲರೂ ಮುಖ ತೋರಿಸಬೇಕು, ನಿರಾಕರಿಸಿದರೆ ದಂಡ. ಜೊತೆಗೆ ಮಹಿಳೆಯರ ಸಮಾನತೆ ಮತ್ತು ವಲಸಿಗರ ಏಕೀಕರಣಕ್ಕೆ ಒಂದಿಷ್ಟು ನೆರವು. ಜನರ ಪ್ರಸ್ತಾವ ಸೋತರೆ ಇದು ತಾನಾಗಿ ಜಾರಿಗೆ ಬರುವಂತಿತ್ತು. ಹುಡುಕಿದ ಸಮಸ್ಯೆಗೆ ತಕ್ಕಷ್ಟೇ ಅಳತೆಯ ಪರಿಹಾರ. ನ್ಯಾಯ ಸಚಿವೆ ಕಾರಿನ್ ಕೆಲ್ಲರ್ ಸುಟ್ಟರ್ ಸರ್ಕಾರದ ಪರವಾಗಿ ಇದನ್ನು ಸಮರ್ಥಿಸಿಕೊಂಡರು. ಆದರೆ ಆಡಳಿತದ ನುಡಿಯಲ್ಲಿ ಕೊಟ್ಟ ಈ ಉತ್ತರ ಮೂರನೆಯ ಭಾವನೆಯನ್ನು ಮುಟ್ಟಲೇ ಇಲ್ಲ, ಬರ್ನ್ ಮೇಲಿನ ಬೇಸರವನ್ನಂತೂ ಮುಟ್ಟುವ ಪ್ರಶ್ನೆಯೇ ಇರಲಿಲ್ಲ.

ಮತದ ನಕ್ಷೆಯನ್ನು ನೋಡಿದರೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ. ಪೀಪಲ್ಸ್ ಪಾರ್ಟಿಯ ಕಾಲುಭಾಗ ಮತಗಳಿಂದ ಶೇ 51.2 ಆಗುವುದಿಲ್ಲ, ಬೇರೆ ಕಡೆಯಿಂದ ಬಹಳ ಜನ ಬಂದಿರಲೇಬೇಕು. 2009ರಲ್ಲಿ ಮಿನಾರ್ ನಿಷೇಧವನ್ನು ತಿರಸ್ಕರಿಸಿದ್ದ ಫ್ರೆಂಚ್ ಭಾಷೆಯ ವೋ ಮತ್ತು ನ್ಯೂಶಾಟೆಲ್ ಕ್ಯಾಂಟನ್‌ಗಳು 2021ರಲ್ಲಿ ಮುಖಪರದೆ ನಿಷೇಧಕ್ಕೆ ಹೌದು ಎಂದವು. ಮಿನಾರ್ ನಿಷೇಧಿಸಿದ್ದ ಜರ್ಮನ್ ಭಾಷೆಯ ಜ್ಯೂರಿಕ್ ಮತ್ತು ಬರ್ನ್ ಈ ಬಾರಿ ಇಲ್ಲ ಎಂದವು. ಪಕ್ಕದ ಫ್ರಾನ್ಸಿನ ಜಾತ್ಯತೀತತೆಯ ಚರ್ಚೆ ಫ್ರೆಂಚ್ ಭಾಷಿಕರ ಮೇಲೆ ಪರಿಣಾಮ ಬೀರಿತ್ತು, ಎಡಪಂಥೀಯರಲ್ಲೂ ಸ್ತ್ರೀವಾದಿಗಳಲ್ಲೂ ಒಡಕಿತ್ತು. ಪ್ರಗತಿಪರ ಇಸ್ಲಾಂ ವೇದಿಕೆಯನ್ನು ಕಟ್ಟಿದ ಸಾಯಿದಾ ಕೆಲ್ಲರ್ ಮೆಸಾಹ್ಲಿ ನಿಷೇಧದ ಪರವಾಗಿದ್ದರು, ಮುಸ್ಲಿಂ ಸಂಘಟನೆಗಳು ವಿರುದ್ಧವಾಗಿದ್ದವು. ಇಟಾಲಿಯನ್ ಭಾಷೆಯ ಟಿಚೀನೊ ಕ್ಯಾಂಟನ್ 2013ರಲ್ಲೇ ತನ್ನ ಮಟ್ಟಿಗೆ ಇಂಥ ನಿಷೇಧವನ್ನು ಒಪ್ಪಿ 2016ರ ಜುಲೈ 1ರಿಂದ ಜಾರಿಗೊಳಿಸಿತ್ತು. ಇದಕ್ಕೆ ಎದುರಾಗಿ ಗ್ಲಾರುಸ್ ಕ್ಯಾಂಟನ್‌ನಲ್ಲಿ 2017ರ ಮೇ ತಿಂಗಳ ಬಯಲು ಸಭೆ, ಅಂದರೆ ಊರ ಚೌಕದಲ್ಲಿ ನಿಂತು ಕೈಯೆತ್ತಿ ಮತ ಹಾಕುವ ಪುರಾತನ ಸಭೆ, ಅದೇ ಪ್ರಸ್ತಾವವನ್ನು ತಳ್ಳಿಹಾಕಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ನಿಂತು ನಿರ್ಧರಿಸುವವರೇ ಬೇಡವೆಂದದ್ದು ಗಮನಾರ್ಹ, ಆದರೆ ಇದರಿಂದ ದೊಡ್ಡ ಸಿದ್ಧಾಂತ ಕಟ್ಟಬೇಕಾಗಿಲ್ಲ.

ಮತಗಣನೆಯ ಕಾಲವೂ ವಿಚಿತ್ರವಾಗಿತ್ತು. ಕೋವಿಡ್‌ನಿಂದಾಗಿ 2020ರ ಜುಲೈನಿಂದ ರೈಲು ಬಸ್ಸುಗಳಲ್ಲಿ ಮಾಸ್ಕ್ ಕಡ್ಡಾಯವಾಗಿತ್ತು. ಮಾಸ್ಕ್ ಹಾಕಿಕೊಂಡು ಅಂಚೆ ಪೆಟ್ಟಿಗೆಯವರೆಗೆ ಬಂದು, ಸಾರ್ವಜನಿಕವಾಗಿ ಮುಖ ಮುಚ್ಚಬಾರದೆಂದು ಬರೆದ ಲಕೋಟೆಯನ್ನು ಹಾಕಿ ಹೋದವರು ಎಷ್ಟೋ. ಆರೋಗ್ಯದ ವಿನಾಯಿತಿ ಪಠ್ಯದಲ್ಲೇ ಇದ್ದುದರಿಂದ ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ವಿರೋಧಾಭಾಸವಿಲ್ಲ. ಆದರೂ ಮುಚ್ಚಿದ ಮುಖಗಳ ನಡುವೆ ಸಮಾಜ ನಡೆಯುವುದೇ ಇಲ್ಲವೆಂಬ ವಾದಕ್ಕೆ ಆ ಚಳಿಗಾಲ ಒಂದಿಷ್ಟು ಉತ್ತರ ಕೊಟ್ಟಿತ್ತು. ಇನ್ನೂ ಒಂದು ಮಾತು: ಸ್ವಿಟ್ಜರ್ಲೆಂಡಿನ ಮಹಿಳೆಯರಿಗೆ ರಾಷ್ಟ್ರಮಟ್ಟದ ಮತದಾನದ ಹಕ್ಕು ಸಿಕ್ಕಿದ್ದು 1971ರ ಫೆಬ್ರವರಿ 7ರ ಜನಮತಗಣನೆಯಲ್ಲಿ, ಅದಕ್ಕೆ ಮುನ್ನ 1959ರಲ್ಲಿ ಗಂಡಸರು ಅದನ್ನು ಒಮ್ಮೆ ನಿರಾಕರಿಸಿದ್ದರು. ಆ ಹಕ್ಕಿನ ಸುವರ್ಣ ಮಹೋತ್ಸವದ ಮರುತಿಂಗಳೇ ಹೆಣ್ಣು ಏನು ಉಡಬಾರದೆಂಬ ಪ್ರಶ್ನೆ ಮತಕ್ಕೆ ಬಂತು. ಲೂಸರ್ನ್ ಸಂಶೋಧಕರ ಪ್ರಕಾರ ನಿಖಾಬ್ ತೊಡುವವರಲ್ಲಿ ಹೆಚ್ಚಿನವರು ಪಾಶ್ಚಾತ್ಯ ಸಮಾಜದಲ್ಲೇ ಬೆಳೆದವರು, ಮತಾಂತರಗೊಂಡವರೂ ಅವರಲ್ಲಿದ್ದಾರೆ, ಮತ್ತು ಅದನ್ನು ತಮ್ಮ ಇಚ್ಛೆಯಿಂದ ಹಾಕಿಕೊಂಡವರು. ಮನೆಯವರ ಬಲವಂತಕ್ಕೆ ಸಿಕ್ಕಿದವಳು ಯಾರಾದರೂ ಇದ್ದರೆ, ದಂಡದ ಭಯದಿಂದ ಅವಳು ಪರದೆ ತೆಗೆದು ಹೊರಗೆ ಬರುತ್ತಾಳೋ ಅಥವಾ ಹೊರಗೆ ಬರುವುದನ್ನೇ ನಿಲ್ಲಿಸುತ್ತಾಳೋ ಎಂಬ ಪ್ರಶ್ನೆಗೆ ಪ್ರಚಾರದ ಗದ್ದಲದಲ್ಲಿ ಯಾರೂ ನೆಟ್ಟಗೆ ಉತ್ತರಿಸಲಿಲ್ಲ.

ಗೆದ್ದ ಮೇಲೆ ಜಾರಿ. ಪೊಲೀಸ್ ವ್ಯವಸ್ಥೆ ಕ್ಯಾಂಟನ್‌ಗಳ ಕೈಯಲ್ಲಿದ್ದರೂ ಒಂದೊಂದು ಕಡೆ ಒಂದೊಂದು ನಿಯಮ ಬೇಡವೆಂದು ರಾಷ್ಟ್ರಮಟ್ಟದಲ್ಲೇ ಕಾನೂನು ಬಂತು. ಸರ್ಕಾರದ ಮೊದಲ ಕರಡಿನಲ್ಲಿ ದಂಡ 10,000 ಫ್ರಾಂಕ್‌ವರೆಗೆ ಇತ್ತು, ಅಭಿಪ್ರಾಯ ಸಂಗ್ರಹದ ನಂತರ 1,000ಕ್ಕೆ ಇಳಿಯಿತು. 2023ರ ಸೆಪ್ಟೆಂಬರಿನಲ್ಲಿ ಕೆಳಮನೆ 151ಕ್ಕೆ 29 ಮತಗಳಿಂದ ಅದನ್ನು ಒಪ್ಪಿತು. 2021ರಲ್ಲಿ ವಿರೋಧಿಸಿದ್ದ ಸಂಸತ್ತೇ ಜನರ ತೀರ್ಪಿಗೆ ತಲೆಬಾಗಿ ಹೀಗೆ ಮತ ಹಾಕುವುದು ಆ ವ್ಯವಸ್ಥೆಯ ಶಿಸ್ತು. 2025ರ ಜನವರಿ 1ರಿಂದ ಕಾನೂನು ಜಾರಿಯಲ್ಲಿದೆ. ಸ್ಥಳದಲ್ಲೇ ಕಟ್ಟಿದರೆ 100 ಫ್ರಾಂಕ್, ಕಟ್ಟಲು ನಿರಾಕರಿಸಿ ವಿಚಾರಣೆಗೆ ಹೋದರೆ 1,000 ಫ್ರಾಂಕ್‌ವರೆಗೆ. ವಿಮಾನದೊಳಗೆ, ರಾಯಭಾರ ಕಚೇರಿಗಳಲ್ಲಿ, ಪ್ರಾರ್ಥನಾ ಸ್ಥಳಗಳಲ್ಲಿ ನಿಷೇಧವಿಲ್ಲ. ಚಳಿಗೆ, ಕಾಯಿಲೆಗೆ, ಮುಖವಾಡದ ಜಾತ್ರೆಯಾದ ಫಾಸ್ನಾಕ್ಟ್‌ಗೆ, ಕಲಾಪ್ರದರ್ಶನಕ್ಕೆ, ಜಾಹೀರಾತಿಗೆ ವಿನಾಯಿತಿ ಇದೆ. ಅಭಿವ್ಯಕ್ತಿಯ ಕಾರಣಕ್ಕೆ ತಮ್ಮನ್ನು ರಕ್ಷಿಸಿಕೊಳ್ಳಲು ಮುಖ ಮುಚ್ಚಬೇಕಾದವರು ಮುಂಚಿತವಾಗಿ ಅನುಮತಿ ಪಡೆಯಬಹುದು. ಇಷ್ಟೆಲ್ಲವನ್ನು ಕಳೆದ ಮೇಲೆ ಉಳಿಯುವವರು ಯಾರೆಂದು ಓದುಗರೇ ಲೆಕ್ಕ ಹಾಕಬಹುದು.

ನಮ್ಮ ಓದುಗರಿಗೆ ಇಲ್ಲಿ ಥಟ್ಟನೆ ನೆನಪಾಗುವುದು 2022ರಲ್ಲಿ ಉಡುಪಿಯಿಂದ ಶುರುವಾದ ವಿವಾದ. ಅದಕ್ಕೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅಲ್ಲಿ ಪ್ರಶ್ನೆ ಇದ್ದದ್ದು ಮುಖ ಕಾಣುವ ಹಿಜಾಬಿನದು, ಬೀದಿಯಲ್ಲಲ್ಲ ತರಗತಿಯಲ್ಲಿ, ಮತ್ತು ನಿರ್ಧಾರ ಬಂದದ್ದು ಫೆಬ್ರವರಿ 5ರ ಸರ್ಕಾರಿ ಆದೇಶದಿಂದ, ಜನಮತಗಣನೆಯಿಂದಲ್ಲ. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೋಲಿಸಲೇಬೇಕೆಂದರೆ ಹೋಲಿಸಬೇಕಾದದ್ದು ನಮ್ಮ ಮತಗಟ್ಟೆಯನ್ನು. ಪರದೆ ಪದ್ಧತಿ ಇರುವ ಕಡೆಗಳಲ್ಲಿ, ಅದು ಬುರ್ಖಾ ಆಗಲಿ ಉತ್ತರದ ರಾಜ್ಯಗಳ ಘೂಂಘಟ್ ಆಗಲಿ, ಮಹಿಳಾ ಮತಗಟ್ಟೆ ಅಧಿಕಾರಿಯೊಬ್ಬರು ಮರೆಯಲ್ಲಿ ಮುಖ ನೋಡಿ ಗುರುತಿನ ಚೀಟಿಯೊಂದಿಗೆ ತಾಳೆ ಹಾಕಿ ಒಳಗೆ ಬಿಡುವ ಏರ್ಪಾಡನ್ನು ಚುನಾವಣಾ ಆಯೋಗ ಮಾಡಿದೆ. ಸ್ವಿಸ್ ಸಂಸತ್ತು ಪ್ರತಿಪ್ರಸ್ತಾವದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಇನ್ನೊಂದು ವ್ಯತ್ಯಾಸ ನ್ಯಾಯಾಲಯದ್ದು. ನಮ್ಮಲ್ಲಿ ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರ ಹೆಸರಿನಲ್ಲಿ ಪ್ರಸಿದ್ಧವಾದ 1973ರ ಕೇಶವಾನಂದ ಭಾರತಿ ತೀರ್ಪಿನಿಂದಾಗಿ ಸಂವಿಧಾನ ತಿದ್ದುಪಡಿಯೂ ಮೂಲ ಸಂರಚನೆಯ ಗೆರೆ ದಾಟುವಂತಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಆ ಗೆರೆ ಎಳೆಯುವ ನ್ಯಾಯಾಲಯ ಇಲ್ಲ. ರಾಷ್ಟ್ರಮಟ್ಟದ ಕಾನೂನನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ರದ್ದು ಮಾಡಲಾರದು. ಜನರ ಪ್ರಸ್ತಾವಕ್ಕೆ ಅಡ್ಡ ಬರಬಹುದಾದದ್ದು ಚಿತ್ರಹಿಂಸೆ, ಗುಲಾಮಗಿರಿಯಂಥ ವಿಷಯಗಳಲ್ಲಿರುವ ಅಂತರರಾಷ್ಟ್ರೀಯ ಕಡ್ಡಾಯ ನಿಯಮಗಳು, ಮತ್ತು ಪಠ್ಯದಲ್ಲಿ ಒಂದೇ ವಿಷಯವಿರಬೇಕೆಂಬಂಥ ತಾಂತ್ರಿಕ ಷರತ್ತುಗಳು. ಜನರ ಮಾತೇ ಕೊನೆಯ ಮಾತು ಎಂಬುದಕ್ಕೆ ಅಲ್ಲಿ ನಿಜವಾದ ಅರ್ಥವಿದೆ, ಆ ಅರ್ಥದ ಭಾರ ಸಂಖ್ಯೆಯಲ್ಲಿ ಕಡಿಮೆ ಇರುವವರ ಮೇಲೆ ಬೀಳುತ್ತದೆ.

ಬೇಸರಗೊಂಡಿದ್ದ ಮತದಾರನಿಗೆ ಇದರಿಂದ ಸಿಕ್ಕಿದ್ದೇನು? 2023ರ ಚುನಾವಣೆಯಲ್ಲಿ ಪೀಪಲ್ಸ್ ಪಾರ್ಟಿಯ ಮತ ಶೇ 27.9ಕ್ಕೆ ಏರಿತು, ಸಂಪುಟದ ಹಂಚಿಕೆ ಎರಡು, ಎರಡು, ಎರಡು, ಒಂದು ಎಂದೇ ಉಳಿಯಿತು. ಮುಖಪರದೆಯ ಕಾನೂನು ಜಾರಿಗೆ ಬರುವ ಮೊದಲೇ, 2024ರ ಏಪ್ರಿಲ್‌ನಲ್ಲಿ, ದೇಶದ ಜನಸಂಖ್ಯೆ 1 ಕೋಟಿ ಮೀರದಂತೆ ವಲಸೆಗೆ ಕಡಿವಾಣ ಹಾಕಬೇಕೆಂಬ ಇನ್ನೊಂದು ಪ್ರಸ್ತಾವದ ಸಹಿಗಳನ್ನು ಆ ಪಕ್ಷ ಬರ್ನ್‌ನಲ್ಲಿ ಸಲ್ಲಿಸಿತು. 2014ರಲ್ಲಿ ಗೆದ್ದೂ ಕೈಗೆ ಸಿಗದೆ ಹೋಗಿದ್ದ ವಿಷಯವೇ ಅದು.